ಗೇಟಿನ ಹತ್ತಿರ ಹೇಳಿದ ಮಾತು

ಅಮದಳ್ಳಿಯ ಸುಗಂಧಾಳಿಗೆ ಗಂಡ ರಾಮನಾಥ ಸತ್ತ ಸುದ್ದಿ ಹೇಳಿದ್ದು ಡಾಕ್ಟರಲ್ಲ, ನರ್ಸೂ ಅಲ್ಲ. ವಾರ್ಡು ಒರೆಸಲು ಬಂದ ಹೆಂಗಸು. ಕಾರವಾರದ ಆ ಖಾಸಗಿ ಆಸ್ಪತ್ರೆಯಲ್ಲಿ ಸುಗಂಧಾ ಬೆಳಗಿನಿಂದ ಬಾಗಿಲ ಹೊರಗೆ ನಿಂತು ಹೋಗಿ ಬರುವವರನ್ನೆಲ್ಲ ಕೇಳಿದ್ದಳು. ಎಲ್ಲರೂ ‘ಸುಮ್ಮನೆ ಕೂತ್ಕೊಳ್ಳಿ’ ಎಂದವರೇ. ಒಳಗೆ ಜೀವ ಹೋಗಿ ಎಷ್ಟೋ ಹೊತ್ತಾಗಿತ್ತು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಬೆಂಕಿ. ಯಾರಾದರೂ ಕೇಳಲಿ, ಆ ಆಸ್ಪತ್ರೆಯವರ ನೀರಿಳಿಸುತ್ತೇನೆ ಎಂದು ನೆರೆಮನೆಯ ವೈಜಯಂತಿಯ ಮುಂದೆ ಹೇಳದ ದಿನವಿಲ್ಲ.

ಕೇಳುವವರು ಬಂದೇಬಂದರು. ರೋಗಿಗಳನ್ನೂ ಮನೆಯವರನ್ನೂ ಆಸ್ಪತ್ರೆಗಳು ಹೇಗೆ ನಡೆಸಿಕೊಳ್ಳುತ್ತವೆ ಎಂದು ಸಂಶೋಧನೆ ಮಾಡುವ ನಮಿತಾ ಜೀಪಿನಿಂದ ಇಳಿದಳು. ಜನ ಹೇಳಿದ್ದನ್ನು ನೋಡಿ ಆಸ್ಪತ್ರೆಯವರು ತಮ್ಮ ರೀತಿ ತಿದ್ದಿಕೊಳ್ಳುತ್ತಾರಂತೆ. ಆದರೆ ಹಾಳು ಗ್ರಹಚಾರ, ಹುಡುಗಿ ಕೇಣಿಯವಳು. ಸುಗಂಧಾಳ ತವರೂ ಕೇಣಿಯೇ. ಇನ್ನೇನು! ಕೋಕಂ ಪಾನಕ ಬಂತು, ಯಾರ ಮನೆ, ಯಾರ ಮೊಮ್ಮಗಳು ಎಂದು ವಿಚಾರಣೆಯಾಯಿತು.

ನಮಿತಾ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, “ಆಯಿ, ಆಸ್ಪತ್ರೆಲಿ ಹ್ಯಾಂಗೆ ನೋಡ್ಕಂಡ್ರು?” ಎಂದಳು.

ಬಾಗಿಲಿಗೆ ಬಂದ ತವರಿನ ಹುಡುಗಿಯ ಮಡಿಲಿಗೆ ಕೆಟ್ಟ ಮಾತು ಹಾಕುವುದುಂಟೆ? “ಅಡ್ಡಿಲ್ಲ ಮಗಾ, ಎಲ್ಲ ಚಲೋ ನೋಡ್ಕಂಡ್ರು,” ಎಂದಿತು ಸುಗಂಧಾಳ ಬಾಯಿ. ಮುಂದಿನ ಪ್ರಶ್ನೆಗಳಿಗೂ ಅದೇ ನಗು, ಅದೇ ಉತ್ತರ.

ನಮ್ಮ ಕಡೆಯವರು ನಿಜವಾದ ಮಾತನ್ನು ಕೂತು ಆಡುವುದಿಲ್ಲ. ಬಂದವರು ಚಪ್ಪಲಿ ಮೆಟ್ಟಿದ ಮೇಲೆ ಗೇಟಿನ ತನಕ ಹೋಗಿ ಆಡುತ್ತಾರೆ. ಸುಗಂಧಾಳೂ ಗೇಟು ಹಿಡಿದು ನಿಂತು ಎಲ್ಲ ಹೇಳಿದಳು, ಅತ್ತಳು. ನಮಿತಾಳ ಕಣ್ಣೂ ಒದ್ದೆಯಾಯಿತು.

“ಇದ್ನ ಹಾಕು ಮಗಾ. ಬಾಕಿಯವ್ರಿಗಾದ್ರೂ ಡಾಕ್ಟ್ರು ಹೊರಗೆ ಬಂದು ಒಂದು ಮಾತು ಹೇಳ್ಲಿ.”

“ಹಾಕೂಕೆ ಬರೂದಿಲ್ಲ ಆಯಿ. ರೆಕಾರ್ಡಾದದ್ದು ಆಗ್ಲೇ ಫೋನಿಂದ ಆಫೀಸಿಗೆ ಕಳ್ಸಿ ಆಯ್ತು. ಅದ್ರಲ್ಲಿ ನೀವೇ ಚಲೋ ನೋಡ್ಕಂಡ್ರು ಅಂದೀರಿ. ಎರಡನೇ ಸಲ ಮಾಡೂಕೆ ಅವ್ರು ಬಿಡೂದಿಲ್ಲ.”

ಜೀಪಿನವನು ಹಾರ್ನ್ ಹೊಡೆದ. ಹುಡುಗಿ ಹೋದಳು.

ಜಗುಲಿಯಲ್ಲಿ ಎಲ್ಲ ಕೇಳುತ್ತ ಕೂತಿದ್ದ ವೈಜಯಂತಿ ಸಮಾಧಾನ ಹೇಳಿದಳು: “ಹೋಗ್ಲಿ ಬಿಡೆ. ಮನೆಗೆ ಬಂದವ್ರ ಮುಂದೆ ಅದೆಲ್ಲ ಹ್ಯಾಂಗೆ ಹೇಳೂಕೆ ಬತ್ತದೆ?”

ಸುಗಂಧಾ ಜಗುಲಿಗೆ ಬಂದವಳೇ ಪಾನಕದ ಖಾಲಿ ಲೋಟ ಎತ್ತಿ ಅಂಗಳಕ್ಕೆ ಎಸೆದಳು. “ಗಂಡ ಸತ್ತದ್ದು ಹೇಳೂಕೂ ಮರ್ಯಾದಿ ನೋಡ್ದೆ ನಾನು! ಇನ್ನು ಆ ಆಸ್ಪತ್ರೆ ಬಾಗ್ಲಲ್ಲಿ ನಿಲ್ಲೂ ಹೆಂಗಸ್ರಿಗೆ ಎಂಥ ಮೋರೆ ತೋರ್ಸೂದು?”