ಜೈಲಿನ ಬಾಗಿಲಲ್ಲಿ ರೊಟ್ಟಿ

ಅರಬರ ನಾಡಿನ ಮಿರ್ದಿಫ್‌ನಲ್ಲಿರುವ ಮಗನ ಮನೆಗೆ ನಾನು ಬಂದ ವರ್ಷ. ಮೊಮ್ಮಗಳು ಒಂದು ದಿನ ಶಾಲೆಯ ಬಸ್ಸಿಳಿದವಳೇ ಬ್ಯಾಗು ಬಿಸಾಕಿ ಅಳುತ್ತ ಕೂತಳು. ಅವಳದು ಅಮೆರಿಕದ ಪಾಠ ಹೇಳುವ ಶಾಲೆ. ಅಮೆರಿಕದವರು ಇಂಗ್ಲೆಂಡಿನ ರಾಜನ ಮೇಲೆ ತಿರುಗಿಬಿದ್ದ ಕಾಲದ್ದೊಂದು ನಾಟಕ ಆಡಬೇಕಿತ್ತಂತೆ. ಒಂದೇ ಮನೆ; ಅಕ್ಕ ಬಂಡಾಯದ ಕಡೆ, ತಂಗಿ ರಾಜನ ಕಡೆ. ಮಾತುಗಳನ್ನು ಮಕ್ಕಳೇ ಕಟ್ಟಿಕೊಳ್ಳಬೇಕು. ರಾಜನ ಕಡೆ ಯಾರಿಗೂ ಬೇಡವಾಗಿ ನಮ್ಮವಳ ಪಾಲಿಗೆ ಬಂದಿತ್ತು. ಅಕ್ಕನಾದವಳು ಪಕ್ಕದ ಮನೆಯ ಗೆಳತಿ. ಬಸ್ಸಿನಲ್ಲಿ ದಿನಾ ಇವಳ ಪಕ್ಕ ಕೂರುತ್ತಿದ್ದವಳು ಅವತ್ತು ಎದ್ದು ಬೇರೆ ಸೀಟಿಗೆ ಹೋಗಿದ್ದಳು.

"ಶಿ ಕಾಲ್ಡ್ ಮಿ ಟ್ರೇಟರ್, ಅಜ್ಜಿ."

"ಹಂಗಂದ್ರ?"

"ದೇಶದ್ರೋಹಿ," ಎಂದ ಮಗ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ಆಕಿ ಅವ್ವ ಅಮೆರಿಕದಾಕಿ, ಅಪ್ಪ ಇಂಗ್ಲೆಂಡಿನಾಂವ. ಆಕಿ ಮನ್ಯಾಗ ಯಾರಿಗೆ ದ್ರೋಹಿ ಅಂತಾಳಂತ?" ಎಂದೆ.

ಮೊಮ್ಮಗಳು ನಗಲಿಲ್ಲ. ಗೆಳತಿ ಹೋದಳೆಂಬ ಸಂಕಟ ಅವಳಿಗೆ. ಅದಕ್ಕೇ ನನ್ನ ಮಾವನವರ ಸುದ್ದಿ ತೆಗೆದೆ. ನಮ್ಮ ಅಜ್ಜ ಸ್ವಾತಂತ್ರ್ಯಕ್ಕಾಗಿ ಜೈಲಿನಲ್ಲಿದ್ದರು ಎಂದು ಮಗ ಬಂದವರೆದುರಿಗೆಲ್ಲ ಕೊಚ್ಚಿಕೊಳ್ಳುತ್ತಾನೆ. ಜೈಲಿನಲ್ಲಿದ್ದದ್ದು ಖರೆ. ಬಾಗಿಲ ಹೊರಗೆ, ಕೀಲಿಕೈ ಹಿಡಿದುಕೊಂಡು. ಇಂಗ್ಲಿಷರ ಸಿಪಾಯಿ. ಒಳಗಿದ್ದದ್ದು ಅವರ ಅಣ್ಣ. ತಾಯಿ ಬಡಿದ ರೊಟ್ಟಿಯನ್ನು ಮಾವ ದಿನಾ ಅಂಗಿಯೊಳಗೆ ಮುಚ್ಚಿಕೊಂಡು ಹೋಗಿ ಅಣ್ಣನಿಗೆ ಕೊಡುತ್ತಿದ್ದರಂತೆ. ಅಣ್ಣ ತಿನ್ನುತ್ತ ತಮ್ಮನಿಗೆ ಗುಲಾಮ ಎಂದು ಬೈಯುತ್ತಿದ್ದನಂತೆ. ಚಟ್ನಿ ಮರೆತ ದಿನ ಬೈಗುಳ ಜಾಸ್ತಿ.

ಮಗ ಈಗ ತಲೆ ಎತ್ತಿದ. "ಅವ್ವಾ, ಸುಮ್ನಿರು. ಇದನ್ನ ಸಾಲ್ಯಾಗ ಹೇಳಿಬಿಡ್ತಾಳ ಆಕಿ."

"ಹೇಳ್ಲಿ. ಅವರ ತಲಿಗೆ ಖಾದಿ ಟೊಪಗಿ ಇಟ್ಟಾಂವ ನೀನು, ನಾನಲ್ಲ."

"ಸೋ ಮುತ್ತಜ್ಜ ಯಾವ ಸೈಡ್?" ಎಂದಳು ಮೊಮ್ಮಗಳು.

"ಪಗಾರ ರಾಜಂದು, ರೊಟ್ಟಿ ಅಣ್ಣಂದು. ನಡುವ ನಿಂತು ಇಬ್ಬರ ಕಡೆಯಿಂದಾನೂ ಬೈಸ್ಕೊಂಡ್ರು."

ಅವಳು ಕಣ್ಣೊರೆಸಿಕೊಂಡಳು.

ನಾಟಕದ ದಿನ ನನ್ನಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋದಳು. ನಾನು ರಾಜನ ಕಡೆಯವಳೇ, ನೀನು ಮೊದಲು ಉಣ್ಣು ಎಂದು ಅಕ್ಕನ ಮುಂದೆ ಇಟ್ಟಳಂತೆ. ಅಕ್ಕ ತಿಂದಳು, ಖಾರ ನೆತ್ತಿಗೇರಿ ಕೆಮ್ಮಿದಳು. ಬಂಡಾಯದ ಭಾಷಣ ಅಲ್ಲಿಗೇ ಖಲಾಸ್.

ಸಂಜೆ ಇಬ್ಬರೂ ಕೂಡಿಯೇ ಬಸ್ಸಿಳಿದು ನೆಟ್ಟಗೆ ನನ್ನ ಅಡುಗೆಮನೆಗೆ ಬಂದರು. ಪಕ್ಕದ ಮನೆಯವಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ನಮ್ಮವಳನ್ನು ಮೊಣಕೈಯಿಂದ ತಿವಿದು, "ಸ್ಟಿಲ್ ಟ್ರೇಟರ್" ಎಂದಳು.

ನಮ್ಮವಳು ಚಟ್ನಿ ಬಟ್ಟಲನ್ನು ಅವಳ ಕಡೆ ಸರಿಸಿದಳು.