ಸಾಲ ಇಟ್ಟುಕೊಳ್ಳಲು ಕಲಿತದ್ದು

ನಮ್ಮ ಯಜಮಾನರು ಪಾಪರ್ ಆದಾಗ ಊರಿನವರು ಅವರನ್ನು ಬಯ್ಯಲಿಲ್ಲ. ನ್ಯಾಮತಿಯಲ್ಲಿ ನಮ್ಮದು ಶಾಮಿಯಾನದ ಅಂಗಡಿ ಇತ್ತು. ಪೆಂಡಾಲು, ಕುರ್ಚಿ, ದೊಡ್ಡ ಅಡುಗೆಯ ಪಾತ್ರೆ ಎಲ್ಲ ಬಾಡಿಗೆಗೆ ಕೊಡುತ್ತಿದ್ದೆವು. ಇದ್ದ ಕುರ್ಚಿಗಳೇ ಸಾಕಾಗಿದ್ದವು. ಆದರೆ ಮದುವೆಯವರು ಈಗ ಮಹಾರಾಜರ ಕುರ್ಚಿ ಕೇಳುತ್ತಾರೆ ಎಂದು ಬ್ಯಾಂಕಿನಲ್ಲಿ ಸಾಲ ಮಾಡಿ ಬಂಗಾರದ ಬಣ್ಣದ ಸಿಂಹಾಸನಗಳನ್ನು ತಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಅಂದಿದ್ದೆ. ತಂದ ಮರುವರ್ಷವೇ ಕೊರೊನಾ ಬಂತು. ಮದುವೆಗಳು ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮುಗಿದವು. ಸಿಂಹಾಸನಗಳ ಮೇಲೆ ಗೋದಾಮಿನಲ್ಲಿ ಬೆಕ್ಕು ಮರಿ ಹಾಕಿತು.

ಅವರು ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದರು, ಒಂದಷ್ಟು ಕಾಲ ಅಲೆದರು, ಅಂಗಡಿ ಹರಾಜಾಯಿತು. ಈಗ ಸಂತೇಬೆನ್ನೂರಿನ ಕಡೆ ಇನ್ನೊಬ್ಬರ ಹತ್ತಿರ ಪೆಂಡಾಲು ಕಟ್ಟುವ ಮೇಸ್ತ್ರಿಯಾಗಿದ್ದಾರೆ. ಕೂಲಿ ಬರುತ್ತದೆ, ಊಟ ಮದುವೆಮನೆಯಲ್ಲೇ ಆಗುತ್ತದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ. ಊರು ಸುಟ್ಟರೂ ಹನುಮಪ್ಪ ಹೊರಗೆ.

ಒಳಗೆ ಸಿಕ್ಕಿಕೊಂಡವಳು ನಾನು. ಸಿಂಹಾಸನದ ಸಾಲಕ್ಕೆ ಅವರ ಜೊತೆ ನನ್ನ ಸಹಿಯೂ ಇತ್ತು. 'ಇಲ್ಲೊಂದು ಹಾಕು' ಅಂದಿದ್ದರು, ಒಲೆಯ ಮೇಲೆ ಹಾಲಿತ್ತು, ಹಾಕಿದ್ದೆ. ಅವರ ಕಥೆ ಕೋರ್ಟಿನಲ್ಲಿ ಮುಗಿದ ಮೇಲೆ ಬ್ಯಾಂಕಿನವರು ನನ್ನ ಬಾಗಿಲಿಗೆ ಬಂದರು. ನನ್ನ ಒಡವೆ ಮಾರಿ ಒಂದು ಮೊತ್ತ ಕಟ್ಟಿದೆ. ಉಳಿದದ್ದನ್ನು ಬಿಟ್ಟಿದ್ದೇವೆ ಎಂದು ಅವರೇ ಹೇಳಿದರು. ಅಲ್ಲಿಗೆ ತೀರಿತು ಎಂದುಕೊಂಡೆ. ಹಾಗೆ ಅಂದುಕೊಂಡೇ ಹಿಟ್ಟಿನ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದೆ.

ಗಿರಣಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದೆ. ಅದರ ಮಾಲೀಕರು ವಯಸ್ಸಾದ ಸಾಬರು. ಬಾಯಿ ಜೋರು, ಲೆಕ್ಕ ನೇರ. ನಾನು ಜಗಳೂರಿನ ಕಡೆಯವಳು, ಜೋಳದ ಸೀಮೆಯಲ್ಲಿ ಬೆಳೆದವಳು. ಹಿಟ್ಟನ್ನು ಬೆರಳಲ್ಲಿ ತಿಕ್ಕಿದರೆ ರೊಟ್ಟಿ ಹರಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕೆಲಸ ನನಗೆ ಹಿಡಿಸಿತು. ಕೆಲವು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಇಬ್ಬರೂ ಸುಮ್ಮನೆ ಕೂತಿದ್ದಾಗ ಅವರು ಹೇಳಿದರು. 'ನೋಡವ್ವ, ನಾನು ಹಜ್‌ಗೆ ಹೆಸರು ಕೊಡಬೇಕು ಅಂತ ಮಾಡೀನಿ. ನನ್ನ ಮಗಗೆ ಮೊಬೈಲ್ ಅಂಗಡಿ ಸಾಕು, ಈ ಧೂಳು ಬ್ಯಾಡ ಅಂತಾನೆ. ಗಿರಣಿ ನೀನೇ ತಗೊಂಡ್ರೆ ನನಗೆ ಸಮಾಧಾನ. ಆದ್ರೆ ಕಂತು ಗಿಂತು ನನ್ನ ಹತ್ರ ನಡೆಯಲ್ಲ. ಬ್ಯಾಂಕಿನಾಗೆ ಸಾಲ ಮಾಡಿ ತಾ. ನನ್ನ ನಂಬರ್ ಬರೋತನಕ ಯಾರಿಗೂ ಕೊಡಲ್ಲ. ಬಂದ ಮ್ಯಾಲೆ ಕಾಯಾಕೆ ಆಗಲ್ಲ.'

ನನಗೆ ಆ ಗಿರಣಿ ಬೇಕೇಬೇಕು ಅನಿಸಿತು. ಮದುವೆಯಾದ ಮೇಲೆ ಏನನ್ನಾದರೂ ಅಷ್ಟು ಬಯಸಿದ್ದು ನೆನಪಿಲ್ಲ.

ಹೊನ್ನಾಳಿಯ ಬ್ಯಾಂಕಿಗೆ ಹೋದೆ. ಅಲ್ಲಿನ ಆಫೀಸರು ಮೈಸೂರು ಕಡೆಯ ಹುಡುಗ, ಒಳ್ಳೆಯವನು, ಮಾತಿಗೆ ಮುಂಚೆ ನಗುವವನು. ನನ್ನ ಆಧಾರ್ ಕಾರ್ಡು ಇಸಕೊಂಡು ಕಂಪ್ಯೂಟರ್ ನೋಡಿದ. ನಗು ನಿಂತಿತು.

'ನಿಮ್ಮ ಸ್ಕೋರು, ಅಂದ್ರೆ ಸಾಲ ಸರಿಯಾಗಿ ಕಟ್ತೀರಾ ಅಂತ ಹಾಕೋ ಅಂಕ, ತುಂಬಾ ಕೆಳಗಿದೆ ಅಮ್ಮ. ಹಳೇ ಸಾಲ ಪೂರ್ತಿ ಕಟ್ಟಿಲ್ಲ ಅಂತ ತೋರಿಸ್ತಿದೆ.'

'ಉಳಿದಿದ್ದು ನೀವೇ ಬಿಟ್ಟಿದ್ದಲ್ರೀ?'

'ಬಿಟ್ಟಿದ್ದೇವೆ. ಬಿಟ್ಟಿದ್ದೇವೆ ಅಂತಾನೇ ತೋರಿಸೋದು.'

ಬಿಟ್ಟದ್ದನ್ನೂ ಕಟ್ಟಿದರೆ ಆ ಕಲೆ ಹೋಗುತ್ತದೆ, ಆಮೇಲೆ ಚಿಕ್ಕ ಸಾಲವೊಂದನ್ನು ಮಾಡಿ ಸರಿಯಾಗಿ ತೀರಿಸಿದರೆ ಸ್ಕೋರು ನಿಧಾನ ಏರುತ್ತದೆ ಎಂದ. ಮಾಫಿ ಆದದ್ದನ್ನು ಕಟ್ಟುವ ಹುಚ್ಚಿ ನಾನೊಬ್ಬಳೇ ಇರಬೇಕು. ಯಜಮಾನರ ಎರಡು ಸುಗ್ಗಿಯ ಮದುವೆ ಕೂಲಿಯನ್ನು ಕೈಯಿಂದ ಕಿತ್ತುಕೊಂಡೇ ಕಟ್ಟಿದೆ. ಬೇಡ ಅನ್ನುವ ಮುಖ ಅವರಿಗೂ ಇರಲಿಲ್ಲ.

ಆಮೇಲೆ ಚಿಕ್ಕ ಸಾಲ. ಸ್ಕೋರು ಬಿದ್ದವರಿಗೂ ಕಂತಿನಲ್ಲಿ ಸಾಮಾನು ಕೊಡುವ ಅಂಗಡಿ ಚನ್ನಗಿರಿಯಲ್ಲಿದೆ ಎಂದು ಯಾರೋ ಹೇಳಿದರು. ಬಡ್ಡಿ ಮಾತ್ರ ಕುತ್ತಿಗೆಗೆ ಬರುತ್ತದೆ. ಅಲ್ಲಿಂದ ಒಂದು ಗ್ರೈಂಡರ್ ತಂದೆ. ಮನೆಯಲ್ಲಿ ಒಂದು ಇತ್ತು, ಚೆನ್ನಾಗಿಯೇ ಇತ್ತು. ಹೊಸದನ್ನು ಬಟ್ಟೆ ಮುಚ್ಚಿ ಮಂಚದ ಕೆಳಗೆ ತಳ್ಳಿದೆ. ಕಂತು ಕಟ್ಟುತ್ತಾ ಹೋದೆ.

ಯುಗಾದಿ ಹತ್ತಿರ ಬಂತು. ನನ್ನ ತವರಿನಲ್ಲಿ ಯುಗಾದಿಯ ಹಿಂದಿನ ದಿನ ಯಾರ ಸಾಲವನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಪಕ್ಕದ ಮನೆಯಿಂದ ತಂದ ಒಂದು ಲೋಟ ಸಕ್ಕರೆಯನ್ನೂ ಅಮ್ಮ ನಮ್ಮ ಕೈಯಲ್ಲಿ ವಾಪಸ್ ಕಳಿಸುತ್ತಿದ್ದಳು. ಸಾಲದ ಮೇಲೆ ಬೇವುಬೆಲ್ಲ ತಿಂದರೆ ವರ್ಷವಿಡೀ ಬೇವೇ ಅನ್ನುತ್ತಿದ್ದಳು. ನಾನು ಹಬ್ಬಕ್ಕೆಂದು ತೆಗೆದಿಟ್ಟಿದ್ದು, ಕೋಳಿ ಮಾರಿದ್ದು ಎಲ್ಲ ಸೇರಿಸಿ ಚನ್ನಗಿರಿಗೆ ಹೋಗಿ ಗ್ರೈಂಡರಿನ ಅಷ್ಟೂ ಕಂತನ್ನು ಒಂದೇ ಏಟಿಗೆ ಕಟ್ಟಿಬಿಟ್ಟೆ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೈಯೆಲ್ಲ ಹಗುರ. ಹಬ್ಬ ಮುಗಿದ ಮೇಲೆ ಹೊನ್ನಾಳಿಗೆ ಹೋದಾಗ ಆಫೀಸರಿಗೆ ಹೋಳಿಗೆ ಕೂಡ ಕಟ್ಟಿಕೊಂಡು ಹೋಗಿದ್ದೆ.

'ತೀರಿಸಿಬಿಟ್ರಾ!' ಅಂದ ಅವನು, ಯಾರೋ ಸತ್ತ ಸುದ್ದಿ ಕೇಳಿದವನ ಹಾಗೆ. 'ಯಾಕೆ ತೀರಿಸಿದ್ರಿ?'

'ಯಾಕಂದ್ರೆ? ಸಾಲ ಕಣಪ್ಪಾ ಅದು. ತೀರಿಸದಿದ್ರೆ ಏನು ಪೂಜೆ ಮಾಡಾಕೆ ಆಗ್ತದಾ?'

'ಅಮ್ಮಾ, ನೀವು ತಿಂಗಳು ತಿಂಗಳು ಕಟ್ಟೋದನ್ನ ಸ್ಕೋರು ಹಾಕೋರು ನೋಡಬೇಕು. ನೋಡೋದಕ್ಕೆ ಸಾಲ ನಡೀತಾ ಇರಬೇಕು. ಎರಡು ಮೂರು ಕಂತಿಗೇ ಮುಗಿಸಿದ್ರೆ ಏನು ಅಂತ ನಂಬ್ತಾರೆ?'

ಸ್ಕೋರು ಅಲುಗಿರಲೇ ಇಲ್ಲ. ನನಗೆ ಆ ಹೋಳಿಗೆಯನ್ನು ವಾಪಸ್ ಇಸಕೊಳ್ಳಬೇಕು ಅನಿಸಿತು. ನಮ್ಮಲ್ಲಿ ಮುಂಚೆ ತೀರಿಸಿದವನು ಮರ್ಯಾದಸ್ಥ. ತೀರಿಸುವ ಶಕ್ತಿಯಿದ್ದೂ ಸಾಲ ಇಟ್ಟುಕೊಂಡವನು ಲಫಂಗ. ಈ ಕಂಪ್ಯೂಟರಿಗೆ ಲಫಂಗನೇ ಬೇಕು. ಇದನ್ನು ಸಾಬರಿಗೆ ಹೇಳಿದೆ. ಅವರು ಕಲ್ಲಿನ ಮೇಲಿನ ಹಿಟ್ಟು ಗುಡಿಸುತ್ತಾ, 'ನಿಮ್ ಕಂಪ್ಯೂಟರಿಗೆ ತಲೆ ಕೆಟ್ಟೈತೆ' ಅಂದರು. ಆ ದಿನ ಅಷ್ಟು ಮಾತು ನನಗೆ ದೊಡ್ಡ ಸಮಾಧಾನ.

ಮತ್ತೆ ಚನ್ನಗಿರಿಗೆ ಹೋಗಿ ಬೀರು ತಂದೆ, ಉದ್ದ ಕಂತಿಗೆ. ಈ ಸಲ ಸಾಲ ಇಟ್ಟುಕೊಳ್ಳುವುದನ್ನು ಕಲಿಯಬೇಕಿತ್ತು, ಅದು ತೀರಿಸುವುದಕ್ಕಿಂತ ಕಷ್ಟ. ಕೈಯಲ್ಲಿ ದುಡ್ಡಿರುತ್ತಿತ್ತು, ಆದರೂ ಅದೇ ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟು ಬೀಗ ಹಾಕುತ್ತಿದ್ದೆ. ಮುಂದಿನ ಯುಗಾದಿ ಬಂತು. ಬೇವುಬೆಲ್ಲ ಬಾಯಿಗೆ ಹಾಕಿಕೊಂಡಾಗ ಅಮ್ಮನ ಮಾತು ನೆನಪಾಗಿ ನುಂಗಲು ಆಗಲಿಲ್ಲ. ಯಜಮಾನರು ಮಾತ್ರ ಎರಡು ಸಲ ಕೇಳಿ ತಿಂದರು.

ಕಂತು ಇಸಕೊಳ್ಳಲು ತಿಂಗಳಿಗೊಮ್ಮೆ ಒಬ್ಬ ಬೈಕಿನಲ್ಲಿ ಬರುತ್ತಿದ್ದ. ಕುತ್ತಿಗೆಗೆ ಬ್ಯಾಗು, ತಲೆಗೆ ಹೆಲ್ಮೆಟ್ಟು. ಅವನು ಬೀದಿಗೆ ತಿರುಗಿದರೆ ಸಾಕು, ಎಲ್ಲ ಬಾಗಿಲಿನಲ್ಲೂ ಒಂದೊಂದು ತಲೆ. ಪಕ್ಕದ ಮನೆಯಾಕೆ ನನಗಿಂತ ದೊಡ್ಡವಳು, ಹೂವು ಕಟ್ಟಿ ಮಾರುವವಳು, ಎರಡು ಮನೆಗೂ ಒಂದೇ ಗೋಡೆ. ಆಕೆ ಕೇಳಿದಾಗ ಜಗಳೂರಿನ ಕಡೆಯ ಸಂಬಂಧಿಕ, ಚೀಟಿ ದುಡ್ಡು ಇಸಕೊಳ್ಳಾಕೆ ಬರ್ತಾನೆ ಅಂದಿದ್ದೆ. ಪಾಪರ್ ಆದವರ ಮನೆಗೆ ಮತ್ತೆ ಸಾಲದವನು ಬರುತ್ತಾನೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ಆಕೆ 'ಹೌದಾ' ಅಂದು ಹೂವಿಗೆ ನೀರು ಚಿಮುಕಿಸಿದಳು.

ಸಾಬರ ಹಜ್ ನಂಬರ್ ಬಂತು. ಅದೇ ವಾರ ಗೋವಿನಕೋವಿಯ ಕಡೆಯ ಒಬ್ಬರು ಗಿರಣಿ ನೋಡಿಕೊಂಡು ಹೋದರು. ಮೋಟಾರು ಮುಟ್ಟಿ ನೋಡಿ, ಕಲ್ಲು ಸವೆದಿದೆ ಎಂದು ಮುಖ ಸಿಂಡರಿಸಿ, ಪೂರ್ತಿ ರೊಕ್ಕ ಒಂದೇ ಸಲ ಕೊಡುತ್ತೇನೆ ಅಂದರು. ಅವರು ಹೋದ ಮೇಲೆ ಸಾಬರು ನನ್ನ ಮುಖ ನೋಡದೆ, 'ಬೇಗ ನೋಡವ್ವ' ಅಂದರು. ನಾನು ಹೊನ್ನಾಳಿಗೆ ಓಡಿದೆ. ಸ್ಕೋರು ಏರಿತ್ತು. ಆಫೀಸರಿಗೆ ನನಗಿಂತ ಹೆಚ್ಚು ಖುಷಿ. ಮನೆಗೆ ಬಂದು ಒಮ್ಮೆ ವಿಚಾರಿಸುವುದು ಮಾತ್ರ ಬಾಕಿ, ಅದು ಪದ್ಧತಿ, ಅಷ್ಟೇ ಅಂದ.

ಅವನು ಬಂದ ದಿನ ನಾನು ಗಿರಣಿಯಲ್ಲಿದ್ದೆ. ಬೀಗ ನೋಡಿ ಪಕ್ಕದ ಮನೆಯಾಕೆಯನ್ನು ಕೇಳಿದ್ದಾನೆ. ಇವರು ಹೇಗೆ, ವ್ಯವಹಾರ ಹೇಗೆ, ಸಾಲಗೀಲ ಇದೆಯೇ ಎಂದು. ಆಕೆ ಎದೆ ತಟ್ಟಿಕೊಂಡು ಹೇಳಿದ್ದಾಳೆ. 'ಅವರಿಗೆ ಒಂದ್ ಪೈಸೆ ಸಾಲ ಇಲ್ಲ. ನಮ್ಮ ದೇವರಾಣೆ.'

ನಾನು ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಅವನು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಮುಖದಲ್ಲಿ ನಗು ಇರಲಿಲ್ಲ. 'ಅಮ್ಮ, ಪಕ್ಕದವರು ಸಾಲವೇ ಇಲ್ಲ ಅಂತಾರೆ. ನಮ್ಮ ಕಂಪ್ಯೂಟರಿನಲ್ಲಿ ಬೀರುವಿನ ಸಾಲ ತೋರಿಸ್ತಿದೆ. ನೀವೇ ತಗೊಂಡಿದ್ದು ಅಂತ ನಾನು ನಂಬಿದ್ದೆ, ನಿಜ ಹೇಳಿ, ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ತಗೊಂಡಿದ್ದಾರಾ? ಎಷ್ಟೋ ಮನೆಯಲ್ಲಿ ಹಾಗಾಗುತ್ತೆ. ಗಂಡಸರು ತಗೋತಾರೆ, ಹೆಂಗಸರಿಗೆ ಗೊತ್ತೇ ಇರಲ್ಲ. ಹಾಗಿದ್ರೆ ನಾನು ಮುಂದೆ ಕಳಿಸೋಕೆ ಆಗಲ್ಲ.'

ನನಗೆ ಎಲ್ಲಿತ್ತೋ ಸಿಟ್ಟು. ಅವನ ಮೇಲಲ್ಲ. ಅವನು ಹೇಳಿದ್ದು ಒಂದು ಕಾಲಕ್ಕೆ ನನ್ನ ಮನೆಯ ಮಟ್ಟಿಗೆ ನಿಜವೇ ಆಗಿತ್ತು. ಹೋಗಿ ಬೀದಿಯ ನಡುವೆ ನಿಂತೆ. 'ಸಾಲ ಐತೆ!' ಅಂದೆ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದು, ಬೀದಿಯ ಕೊನೆಯವರೆಗೂ ಹೋಯಿತು. 'ನಾನೇ ತಗೊಂಡಿದ್ದು, ನನಗೆ ಗೊತ್ತಿದ್ದೇ ತಗೊಂಡಿದ್ದು, ನಾನೇ ಕಟ್ಟಿದ್ದು! ಅಕ್ಕಾ, ಬೈಕಿನೋನು ತಿಂಗಳು ತಿಂಗಳು ಬರ್ತಾನಲ್ಲ, ಹೇಳ್ರಿ ಇವರಿಗೆ. ಅವನು ನನ್ನ ಸಂಬಂಧಿಕ ಅಲ್ಲ, ಸಾಲದೋನು!'

ಪಕ್ಕದ ಮನೆಯಾಕೆ ಹೂವಿನ ಬುಟ್ಟಿ ಕೆಳಗಿಟ್ಟಳು. ಆಕೆಗೆ ನನಗಿಂತ ಹೆಚ್ಚು ಕೋಪ ಬಂದಿತ್ತು.

'ನನಗೇನು ಕಣ್ಣಿಲ್ವಾ? ಅವನು ಮೊದಲ್ನೇ ಸಲ ಬಂದಾಗ್ಲೇ ಗೊತ್ತಾತು. ಸಂಬಂಧಿಕ ಆಗಿದ್ರೆ ಒಂದಿನನಾದ್ರೂ ಒಳಗೆ ಬಂದು ನೀರು ಕುಡೀತಿರಲಿಲ್ವಾ? ಮರ್ಯಾದೆ ಉಳಿಸಾನ ಅಂತ ದೇವರಾಣೆ ಹಾಕಿದ್ರೆ, ನೀನೇ ಬೀದಿಗೆ ನಿಂತು ಕಳಕೊಂತೀಯಲ್ಲ!' ಎಂದು ನನಗೆ ಹೇಳಿ, ಆಫೀಸರ ಕಡೆ ತಿರುಗಿ, 'ಬರ್ಕೊಳ್ಳಪ್ಪ. ಐತೆ ಸಾಲ. ಒಂದ್ ತಿಂಗ್ಳೂ ತಪ್ಪಿಸಿಲ್ಲ' ಅಂದಳು.

ಅವನು ಬರೆದುಕೊಂಡ. ಆಕೆ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಳು. ಆಕೆ ದೇವರ ಮೇಲೆ ಸುಳ್ಳು ಆಣೆ ಹಾಕಿದ್ದಕ್ಕೆ ತಪ್ಪುಕಾಣಿಕೆಯನ್ನು ನಾನೇ ಹಾಕಿ ಬಂದೆ. ಅದಾದ ಮೇಲೆ ಮಾತಾಡಿದಳು.

ಸಾಲ ಮಂಜೂರಾಯಿತು, ಕೇಳಿದಷ್ಟಲ್ಲ. ಸ್ಕೋರು ಇನ್ನೂ ಸ್ವಲ್ಪ ಏರಬೇಕಿತ್ತಂತೆ. ಕಡಿಮೆ ಬಿದ್ದದ್ದನ್ನು ಹೇಳಲು ಗಿರಣಿಗೆ ಹೋದೆ. ಗೋವಿನಕೋವಿಯವರ ರೊಕ್ಕ ಸಿದ್ಧವಾಗಿತ್ತು. ಸಾಬರು ಕೇಳಿಸಿಕೊಂಡರು. ತಲೆಯ ಟೋಪಿ ತೆಗೆದು ಹಿಟ್ಟು ಕೊಡವಿ ಮತ್ತೆ ಹಾಕಿಕೊಂಡರು. 'ಉಳಿದಿದ್ದು ನಾನು ಬಂದ ಮ್ಯಾಲೆ ಕೊಡುವಿಯಂತೆ' ಅಂದರು. ಬರೆದುಕೊಳ್ಳಲಿಲ್ಲ, ಸಹಿಯನ್ನೂ ಕೇಳಲಿಲ್ಲ.

ಹೊರಡುವ ಹಿಂದಿನ ವಾರ ಅವರು ಮನೆಮನೆಗೆ ಹೋಗುತ್ತಿದ್ದರು. ಹಜ್‌ಗೆ ಹೋಗುವವರು ಹಾಗೆ ಹೋಗಿ, ತಮ್ಮಿಂದ ತಪ್ಪಾಗಿದ್ದರೆ ಮಾಫ್ ಕೇಳಿ, ಕೊಡಬೇಕಾದದ್ದನ್ನು ಕೊಟ್ಟು ಬರುತ್ತಾರೆ. ನಮ್ಮ ಮನೆಗೂ ಬಂದರು. ಚಪ್ಪಲಿ ಬಿಟ್ಟು ಹೊಸ್ತಿಲಿನ ಆಚೆಗೇ ನಿಂತರು.

'ಇಷ್ಟು ವರ್ಷ ನನ್ನ ಹತ್ರ ದುಡಿದೀಯವ್ವ. ಬಾಯಿಗೆ ಬಂದಂಗೆ ಬೈದಿದೀನಿ. ಅದನ್ನ ಮಾಫ್ ಮಾಡು. ನಿಂದೇನಾದ್ರೂ ನನ್ನ ಮ್ಯಾಲೆ ಬಾಕಿ ಐತಾ?'

'ನಾನೇ ನಿಮಗೆ ಕೊಡಬೇಕಲ್ರೀ' ಅಂದೆ.

'ಅದು ನೀನು ಕೊಡೋದು. ಅದನ್ನ ಬಿಟ್ಟು ನಾನು ಹೋಗಬಹುದು. ನಾನು ಕೊಡೋದು ಇಟ್ಕೊಂಡು ಹೋಗಂಗಿಲ್ಲ. ಸಂಕೋಚ ಮಾಡ್ಕೋಬ್ಯಾಡ, ನೆನಪು ಮಾಡ್ಕೊಂಡು ಹೇಳು.'

ವರ್ಷಗಟ್ಟಲೆ ನನ್ನ ಬಾಗಿಲಿಗೆ ಬಂದವರೆಲ್ಲ ನಾನು ಎಷ್ಟು ಕೊಡಬೇಕು ಎಂದು ಹೇಳಲು ಬಂದವರು. ನನಗೆ ಕೊಡಬೇಕಾದದ್ದು ಏನಾದರೂ ಇದೆಯಾ ಎಂದು ಕೇಳಲು ಬಂದವರು ಇವರೊಬ್ಬರೇ. ನನಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡೆ. ಏನೂ ಇಲ್ಲ ಅನ್ನಬಹುದಿತ್ತು. ಹಾಗನ್ನುವುದೇ ಮರ್ಯಾದೆ. ಆದರೆ ಬಾಕಿ ಇತ್ತು.

'ನಾನು ಬ್ಯಾಂಕಿಗೆ ಹೋದ ದಿನ ಒಂದ್ಸಲ ಅರ್ಧ ಕೂಲಿ ಹಿಡಿದಿದ್ರಿ. ಹೊರಡೋ ಮುಂಚೆ ಎಂಟ್ ಚೀಲ ಬೀಸಿ ಹೋಗಿದ್ದೆ' ಅಂದೆ.

ಸಾಬರು ಯೋಚಿಸಿದರು. 'ಹೌದು, ಹಿಡಿದಿದ್ದೆ' ಅಂದರು. ಜುಬ್ಬದ ಜೇಬಿನಿಂದ ತೆಗೆದು ಎಣಿಸಿ ಕೊಟ್ಟರು. ನಾನೂ ಎಣಿಸಿ ತೆಗೆದುಕೊಂಡೆ.

'ಇನ್ನೇನಾದ್ರೂ?'

'ಇನ್ನೇನಿಲ್ರೀ. ಹೋಗಿ ಬರ್ರಿ.'

ಅವರು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದರು.