ಗ್ಯಾಲರಿಯಲ್ಲಿ ಜಾಗ ಮಾಡಿಕೊಟ್ಟವರು

ಭಾನುವಾರ ಬಂದರೆ ಸಾಕು, ಪಕ್ಕದ ಮನೆಯ ಆಂಟಿ ಸಲ್ವಾರ್ ಕಮೀಜಿನ ಮೇಲೆ ಮೊಣಕಾಲು ಮುಟ್ಟುವ ನೀಲಿ ಫುಟ್‌ಬಾಲ್ ಜೆರ್ಸಿ ತೊಡುತ್ತಿದ್ದರು. ಮಡಚಿದ ತೋಳಿನ ಕೆಳಗೆ ಗಾಜಿನ ಬಳೆ, ತಲೆಯ ಮೇಲೆ ದುಪಟ್ಟಾ. ಜೆರ್ಸಿ ತೀರಿಕೊಂಡ ಅಂಕಲ್‌ರದು. ಮೈಸೂರಿನಿಂದ ಬಂದ ಹೊಸತರಲ್ಲಿ ಅವರಿಗೆ ಅಮೆರಿಕದ ಈ ಆಟದ ಹುಚ್ಚು ಹಿಡಿಸಿದ್ದೂ ಅಂಕಲ್ಲೇ. ತಂಡ ಸೋತರೆ ಆಂಟಿ ಟೀವಿಗೆ ಬೆನ್ನು ಹಾಕಿ ಕೂತು ಚಹಾ ಕುಡಿಯುವರು. ಮುಂದಿನ ವಾರ ಮತ್ತೆ ಅದೇ ನಂಬಿಕೆಯಿಂದ ಬಿರಿಯಾನಿಗೆ ಅಕ್ಕಿ ನೆನೆಹಾಕುವರು.

ನಾನು ಆಂಟಿಯ ಊರು ಹಿಲ್ಸ್‌ಬರೋಗೆ ಬಂದದ್ದು ಡಿವೋರ್ಸ್ ಆದ ವರ್ಷ. ಆಫೀಸು ಬಿಟ್ಟರೆ ಮನೆ. ಕಿಟಕಿಯ ಪರದೆಯನ್ನೂ ಸರಿಸುತ್ತಿರಲಿಲ್ಲ. ಆಂಟಿ ಏನನ್ನೂ ಕೆದಕಲಿಲ್ಲ. ಬಾಗಿಲು ತಟ್ಟಿ ಊಟದ ಡಬ್ಬಿ ಕೊಟ್ಟು, ತೊಳೆದು ನೀನೇ ತಂದುಕೊಡು ಎಂದು ಹೊರಟುಬಿಡುವರು. ಡಬ್ಬಿ ಕೊಡಲು ಹೋದವಳು ಕೂತು ಆಟ ನೋಡುವಂತಾದೆ.

ಒಂದು ಬೇಸಿಗೆಯಲ್ಲಿ ಹತ್ತಿರದ ಹೈಸ್ಕೂಲ್ ಮೈದಾನಕ್ಕೆ ಟೀವಿಯ ಕ್ರಿಸ್‌ಮಸ್ ಪ್ರೇಮಕಥೆಯೊಂದರ ಶೂಟಿಂಗ್ ಬಂತು. ನಾಯಕ ನಾಯಕಿ ಇಬ್ಬರದೂ ಫುಟ್‌ಬಾಲ್ ಹುಚ್ಚಿನ ಮನೆತನ. ಗ್ಯಾಲರಿ ತುಂಬಲು ನಿಜವಾದ ಅಭಿಮಾನಿಗಳು ಬೇಕಿತ್ತು. ಆಂಟಿ ತಮ್ಮ ಹೆಸರಿನ ಜೊತೆಗೆ, ನನ್ನನ್ನು ಕೇಳದೆಯೇ, ನನ್ನ ಹೆಸರನ್ನೂ ಕೊಟ್ಟರು.

ಸುಡುವ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು, ನೊರೆಯ ಹಿಮಕ್ಕೆ ನಡುಗಬೇಕಿತ್ತು. ನಾಯಕ ಮದುವೆಯಾಗುತ್ತೀಯಾ ಎಂದು ಕೇಳುವಾಗ ಹಿಂದೆ ಕೂತವರು ಕಣ್ಣೀರು ಹಾಕಬೇಕೆಂದು ನಿರ್ದೇಶಕಿ ಹೇಳಿಕೊಟ್ಟಳು. ಆಂಟಿಗೆ ಅಳು ಬರಲೊಲ್ಲದು. ಆಟದ ರೂಲ್ಸೇ ಗೊತ್ತಿಲ್ಲದ ಹುಡುಗನಿಗಾಗಿ ನಾನ್ಯಾಕೆ ಅಳಲಿ ಎಂದು ನನ್ನ ಕಿವಿಯಲ್ಲಿ ಗೊಣಗಿದರು.

ಬಿಡುವಿನಲ್ಲಿ ನೀರು ಕುಡಿಯುತ್ತ ತಾವಾಗಿಯೇ ಹೇಳಿದರು: “ಅಂಕಲ್ ಹೋದ್ಮೇಲೆ ಸ್ಟೇಡಿಯಂಗೆ ಒಬ್ಳೇ ಹೋಗಿದ್ದೆ, ಬೇಟಾ. ಅವರ ಸೀಟಲ್ಲಿ ಯಾರೋ ಬಂದು ಕೂತ್ರು. ಎದ್ದು ಹೋಗಿ ಅನ್ನೋಣ ಅನ್ನಿಸ್ತು. ಅಷ್ಟರಲ್ಲಿ ನಮ್ಮವರು ಟಚ್‌ಡೌನ್ ಮಾಡಿದ್ರು ನೋಡು, ಇಬ್ರೂ ಒಟ್ಟಿಗೇ ಎದ್ದು ಕೂಗಿದ್ವಿ. ಸೀಟು ಕಾಯ್ತಾ ಕೂತಿದ್ರೆ ಆಟ ತಪ್ಪಿಹೋಗ್ತಿತ್ತು.”

ಆಗಲೇ ಫೋನಿನಲ್ಲಿ ತಾಯಿಯ ಜೊತೆ ಕನ್ನಡದಲ್ಲಿ ಮಾತಾಡುತ್ತ ಒಬ್ಬ ಜಾಗ ಹುಡುಕುತ್ತಿದ್ದ. ಹತ್ತಿರದ ಮಾರಿಸ್‌ಟೌನಿನವನು. ತಲೆಯ ಮೇಲೆ ಎದುರಾಳಿ ತಂಡದ ಹಸಿರು ಟೊಪ್ಪಿ. ಆ ಬಣ್ಣ ಕಂಡರಾಗದ ಆಂಟಿ, ಸರಿದು ನಮ್ಮಿಬ್ಬರ ನಡುವೆ ಅವನನ್ನು ಕೂರಿಸಿದರು. ಈ ಸ್ವೆಟರಿನಲ್ಲಿ ಬೆಂದು ಸತ್ತರೆ ಇನ್ಶೂರೆನ್ಸ್‌ನವರಿಗೆ ಏನೆಂದು ಹೇಳುವುದು ಎಂದು ಅವನು ನನ್ನನ್ನು ಕೇಳಿದ.

ಡಿಸೆಂಬರಿನಲ್ಲಿ ಸಿನಿಮಾ ಬಂದಾಗ ಆಂಟಿಯ ಸೋಫಾದಲ್ಲಿ ನಾವು ಮೂವರೂ ಇದ್ದೆವು. ಮದುವೆ ಕೇಳುವ ದೃಶ್ಯದಲ್ಲಿ ಇಡೀ ಗ್ಯಾಲರಿ ನಾಯಕನನ್ನು ನೋಡುತ್ತಿದ್ದರೆ, ಆಂಟಿಯೊಬ್ಬರೇ ಪಕ್ಕಕ್ಕೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೂ ಅತ್ತಿರಲ್ಲ ಎಂದೆ.

“ಅವನಿಗೋಸ್ಕರ ಅಲ್ಲ,” ಎಂದರು. “ನೀನು ನಗ್ತಾ ಇದ್ದೆ.”

ಮರುವರ್ಷ ನಮ್ಮ ಮದುವೆಯಾಯಿತು. ಕಳೆದ ಚಳಿಗಾಲದಲ್ಲಿ ಆಂಟಿ ನಿದ್ದೆಯಲ್ಲೇ ತೀರಿಕೊಂಡರು. ದಫನ್ ಮುಗಿಸಿ ಎಲ್ಲರೂ ಅವರ ಮನೆಗೆ ಬಂದಾಗ, ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು ನೀವು ಯಾರಮ್ಮ ಎಂದು ವಿಚಾರಿಸಿದರು. ಪಕ್ಕದ ಮನೆಯವಳು ಎನ್ನಲು ಬಾಯಿ ತೆರೆದೆ. ಅದಕ್ಕೆ ಮೊದಲೇ ನನ್ನ ಗಂಡ “ಆಂಟಿಯ ಮಗಳು” ಎಂದುಬಿಟ್ಟ.

ದೂರದ ಊರಿನಿಂದ ಬಂದು ಅಲ್ಲೇ ನಿಂತಿದ್ದ ಆಂಟಿಯ ಮಗ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಚಹಾದ ಟ್ರೇಯನ್ನು ನನ್ನ ಕೈಗಿತ್ತು, ಒಳಗೆ ಹೆಂಗಸರಿಗೆ ನೀನೇ ಕೊಡಮ್ಮ ಎಂದರು.